ತಲೆಬುರುಡೆಯ ಒಳಮೈಯಲ್ಲಿ ನೋಟದ ಗುರುತು: ನೈರೋಬಿಯ ಪಳೆಯುಳಿಕೆಗಳು ಮತ್ತು ಲೆ ಗ್ರೋ ಕ್ಲಾರ್ಕ್

1947ರ ಜನವರಿಯಲ್ಲಿ ಲೂಯಿ ಲೀಕಿ ನೈರೋಬಿಯಲ್ಲಿ ಮೊದಲ ಅಖಿಲ ಆಫ್ರಿಕಾ ಪ್ರಾಗಿತಿಹಾಸ ಸಮ್ಮೇಳನವನ್ನು ಕರೆದರು. ಆಕ್ಸ್‌ಫರ್ಡಿನ ಅಂಗರಚನಾಶಾಸ್ತ್ರಜ್ಞ ವಿಲ್ಫ್ರಿಡ್ ಲೆ ಗ್ರೋ ಕ್ಲಾರ್ಕ್ ದಕ್ಷಿಣ ಆಫ್ರಿಕಾದ ಆಸ್ಟ್ರಲೋಪಿಥೆಕಸ್ ಪಳೆಯುಳಿಕೆಗಳನ್ನು ಖುದ್ದಾಗಿ ನೋಡಿ ಬಂದು, ಅವು ಮನುಷ್ಯ ಕುಲದ ಕವಲಿಗೇ ಸೇರಿದವೆಂದು ಇಲ್ಲಿ ವಾದಿಸಿದರು. ಚರಿತ್ರೆಕಾರರು ಸಮ್ಮೇಳನವನ್ನು ನೆನೆಯುವುದು ಹೆಚ್ಚಾಗಿ ಇದಕ್ಕಾಗಿ. ಆದರೆ ಲೆ ಗ್ರೋ ಕ್ಲಾರ್ಕ್ ದೃಷ್ಟಿಯ ನರಮಾರ್ಗವನ್ನೂ ವರ್ಷಗಟ್ಟಲೆ ಅಭ್ಯಾಸ ಮಾಡಿದವರು. ಅದನ್ನು ಬದಿಗಿಟ್ಟರೆ ಬುರುಡೆಗಳ ಕುರಿತ ಅವರ ಎಚ್ಚರಿಕೆ ಎಲ್ಲಿಂದ ಬಂತೆಂಬುದು ತಿಳಿಯುವುದಿಲ್ಲ.

ಪ್ರತಿ ಕಣ್ಣಿನ ಅಕ್ಷಿಪಟಲದಿಂದ ಸುಮಾರು 10 ಲಕ್ಷ ನರತಂತುಗಳು ಹೊರಡುತ್ತವೆ. ಮೂಗಿನ ಕಡೆಯ ಅರ್ಧದಿಂದ ಬಂದವು ಎದುರು ಬದಿಗೆ ದಾಟುತ್ತವೆ, ಉಳಿದವು ತಮ್ಮ ಬದಿಯಲ್ಲೇ ಸಾಗುತ್ತವೆ. ಹೀಗಾಗಿ ಎಡಗಡೆ ಕಂಡದ್ದು ಬಲ ಮೆದುಳಿಗೆ ಹೋಗುತ್ತದೆ. ನಡುವಿನ ನಿಲುಗಡೆ ಥಲಾಮಸ್‌ನ ಜೆನಿಕ್ಯುಲೇಟ್ ಕೇಂದ್ರ. ಅಲ್ಲಿ ಆರು ಪದರಗಳಿವೆ: 1, 4, 6 ಎದುರು ಬದಿಯ ಕಣ್ಣಿಗೆ, 2, 3, 5 ಅದೇ ಬದಿಯ ಕಣ್ಣಿಗೆ. ಒಂದೊಂದು ಕಣ್ಣಿಗೆ ಮೂರು ಪದರ, ಬಣ್ಣದ ಗ್ರಾಹಕಗಳೂ ಮೂರು ಬಗೆ. ಇವೆರಡಕ್ಕೂ ನಂಟಿದೆಯೆಂದು ಲೆ ಗ್ರೋ ಕ್ಲಾರ್ಕ್ 1940ರ ದಶಕದಲ್ಲಿ ಊಹಿಸಿದರು. ಚೆಂದದ ಊಹೆ, ನಿಲ್ಲಲಿಲ್ಲ. 1966ರಲ್ಲಿ ವೀಸೆಲ್ ಮತ್ತು ಹ್ಯೂಬೆಲ್ ಕೋತಿಗಳ ಈ ಕೇಂದ್ರದ ಕೋಶಗಳನ್ನು ಒಂದೊಂದಾಗಿ ಪರೀಕ್ಷಿಸಿದಾಗ, ಪದರಗಳ ಹಂಚಿಕೆ ಬಣ್ಣಕ್ಕೊಂದು ಎಂಬಂತೆ ಇರಲಿಲ್ಲ.

ಜೀವಂತ ಮೆದುಳಿನಲ್ಲಿ ಅಷ್ಟು ಧೈರ್ಯ ತೋರಿದವರು ಕಲ್ಲಾದ ಬುರುಡೆಯ ಮುಂದೆ ಹಿಂಜರಿದದ್ದೇಕೆ? ನೋಟದ ಮಾಹಿತಿ ಕೊನೆಗೆ ತಲುಪುವುದು ತಲೆಯ ಹಿಂಭಾಗದ ಪ್ರಾಥಮಿಕ ದೃಷ್ಟಿ ಕಾರ್ಟೆಕ್ಸ್‌ಗೆ. 1776ರಲ್ಲಿ ಜೆನಾರಿ ಗುರುತಿಸಿದ ಬಿಳಿ ಗೆರೆಯೇ ಅದರ ನಿಜವಾದ ಎಲ್ಲೆ. ಆ ಗೆರೆ ಕಾರ್ಟೆಕ್ಸ್‌ನ ಒಳಗಿರುವುದರಿಂದ ಪಳೆಯುಳಿಕೆಯಲ್ಲಿ ಉಳಿಯುವುದಿಲ್ಲ. ವಾನರರಲ್ಲಿ ಈ ಪ್ರದೇಶದ ಮುಂದಿನ ಅಂಚಿನಲ್ಲಿ ಲ್ಯೂನೇಟ್ ಎಂಬ ಅರ್ಧಚಂದ್ರಾಕಾರದ ಸೀಳಿದೆ. ದಕ್ಷಿಣ ಆಫ್ರಿಕಾದ ಆಸ್ಟ್ರಲೋಪಿಥೆಕಸ್ ಪಳೆಯುಳಿಕೆಯಾದ ಟೌಂಗ್ ಮಗುವಿನ ಬುರುಡೆಯಲ್ಲಿ ಅದು ಹಿಂದಕ್ಕೆ ಸರಿದಿದೆ, ಎಂದರೆ ಉಳಿದ ಕಾರ್ಟೆಕ್ಸ್‌ಗೆ ಜಾಗ ಹೆಚ್ಚಿದೆ ಎಂದು ರೇಮಂಡ್ ಡಾರ್ಟ್ 1925ರಲ್ಲಿ ಸಾರಿದ್ದರು. ಲೆ ಗ್ರೋ ಕ್ಲಾರ್ಕ್, ಕೂಪರ್ ಮತ್ತು ಜುಕರ್‌ಮನ್ 1936ರಲ್ಲಿ ಚಿಂಪಾಂಜಿಯ ಬುರುಡೆಯ ಒಳಅಚ್ಚನ್ನು ಅದೇ ಜೀವಿಯ ಮೆದುಳಿನೊಡನೆ ಹೋಲಿಸಿದರು. ಮೆದುಳಿಗೂ ಎಲುಬಿಗೂ ನಡುವಿನ ಪೊರೆಗಳು ಸೀಳುಗಳ ಗುರುತನ್ನು ಮಸುಕಾಗಿಸುವುದರಿಂದ, ಅಚ್ಚಿನಲ್ಲಿ ಬಹಳಷ್ಟು ಸೀಳುಗಳನ್ನು ಗುರುತಿಸುವುದೇ ಕಷ್ಟವಾಯಿತು. ನೈರೋಬಿಗೆ ಬರುವ ಹತ್ತು ವರ್ಷ ಮೊದಲೇ ಲೆ ಗ್ರೋ ಕ್ಲಾರ್ಕ್ ಅವರಿಗೆ ಈ ಅನುಭವವಿತ್ತು.

1948ರಲ್ಲಿ ಮೇರಿ ಲೀಕಿ ರುಸಿಂಗಾ ದ್ವೀಪದಲ್ಲಿ ಪ್ರೊಕಾನ್ಸುಲ್ ಬುರುಡೆಯನ್ನು ಕಂಡು, ತಾವೇ ವಿಮಾನದಲ್ಲಿ ಲೆ ಗ್ರೋ ಕ್ಲಾರ್ಕ್ ಅವರ ಬಳಿಗೆ ಒಯ್ದರು. ನೈರೋಬಿಯ ಸಂಗ್ರಹದ ಹೆಸರಾದ ಬುರುಡೆಗಳು ಬಂದದ್ದು ಆಮೇಲೆ. 1972ರಲ್ಲಿ ಬರ್ನಾರ್ಡ್ ಎಂಗೆನಿಯೊ ಕೂಬಿ ಫೋರಾದಲ್ಲಿ ಕಂಡ 1470ನೇ ಸಂಖ್ಯೆಯ ಬುರುಡೆಯ ಒಳಗಾತ್ರ ಸುಮಾರು 750 ಘನ ಸೆಂಟಿಮೀಟರು. 1983ರಲ್ಲಿ ಡೀನ್ ಫಾಕ್ ಅದರ ಹಣೆಭಾಗ ಮಾನವಸದೃಶವೆಂದೂ, ಅದೇ ಸಂಗ್ರಹದ 1805ನೇ ಬುರುಡೆಯದು ವಾನರಸದೃಶವೆಂದೂ ಬರೆದರು. ಗಮನಿಸಿ: ಚರ್ಚೆ ಹಿಂದಲೆಯಿಂದ ಹಣೆಗೆ ಸರಿದಿತ್ತು. ಹಿಂದಲೆಯ ವಾದವೂ ಮುಗಿದಿರಲಿಲ್ಲ: ಟೌಂಗ್‌ನ ಲ್ಯೂನೇಟ್ ಬಗ್ಗೆ ಫಾಕ್ ಮತ್ತು ರಾಲ್ಫ್ ಹಾಲೋವೇ ದಶಕಗಳ ಕಾಲ ಜಗಳಾಡಿದರು. 2003ರಲ್ಲಿ ಹಾಲೋವೇ ತಂಡ, ಕೆಲವು ಚಿಂಪಾಂಜಿಗಳಲ್ಲೇ ಈ ಸೀಳು ಹಿಂದಕ್ಕಿದೆಯೆಂದು ತೋರಿಸಿ, ಮೆದುಳು ದೊಡ್ಡದಾಗುವ ಮೊದಲೇ ದೃಷ್ಟಿಪ್ರದೇಶ ಕುಗ್ಗಿರಬಹುದೆಂದು ವಾದಿಸಿತು. ನನಗೆ ಇದು ಎರಡಲಗಿನ ಸಾಕ್ಷ್ಯವಾಗಿ ಕಾಣುತ್ತದೆ. ಒಂದೇ ಜಾತಿಯೊಳಗೆ ಇಷ್ಟು ವ್ಯತ್ಯಾಸವಿದ್ದರೆ, ಒಂಟಿ ಬುರುಡೆಯೊಂದರ ಸೀಳಿನಿಂದ ಹೆಚ್ಚೇನೂ ಹೇಳಲಾಗದು.

ಸೀಳುಗಳಾಚೆಗೂ ಬುರುಡೆಯ ಒಳಮೈ ಕೆಲವನ್ನು ಹೇಳಬಲ್ಲದು. ಮಬೊಕೊ ದ್ವೀಪದಲ್ಲಿ ಸಿಕ್ಕು 1997ರಲ್ಲಿ ವರದಿಯಾದ, 1.5 ಕೋಟಿ ವರ್ಷ ಹಳೆಯ ವಿಕ್ಟೋರಿಯಾಪಿಥೆಕಸ್ ಕೋತಿಯ ಬುರುಡೆಯ ಸ್ಕ್ಯಾನ್ 2015ರಲ್ಲಿ ಪ್ರಕಟವಾಯಿತು. ಮೆದುಳು ಕೇವಲ 36 ಘನ ಸೆಂಟಿಮೀಟರು, ಆದರೂ ಮಡಿಕೆಗಳಿಂದ ತುಂಬಿತ್ತು. ಕಣ್ಣು ಬಲಗೊಂಡಂತೆ ಮೂಗು ಕುಂದಿತೆಂಬುದು ಹಳೆಯ ಪಾಠ. ಈ ಕೋತಿಯಲ್ಲಿ ಮಾತ್ರ ವಾಸನೆಯ ಗೆಡ್ಡೆ ನಿರೀಕ್ಷೆಗಿಂತ ಬಹಳ ದೊಡ್ಡದಾಗಿತ್ತು.