ಮತ್ಸ್ಯದೇಶದಲ್ಲಿ ಮೀನಿಗೆ ವೈದ್ಯನಿರಲಿಲ್ಲ

ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯಕ್ಕೆ ಪ್ರದಕ್ಷಿಣೆ ಬರುವವರ ಕಣ್ಣು ಮೊದಲು ಹರಿಯುವುದು ಗೋಡೆಯ ಬುಡದಲ್ಲಿ ಒಂದರ ಮೇಲೊಂದು ಸಾಗಿರುವ ಸಾಲುಪಟ್ಟಿಕೆಗಳ ಮೇಲೆ. ಎಲ್ಲಕ್ಕೂ ಕೆಳಗೆ ಆನೆಗಳು. ಅವುಗಳ ಮೇಲೆ ಸಿಂಹಗಳು. ಬಳ್ಳಿಯ ಸುರುಳಿ ದಾಟಿದರೆ ಕುದುರೆ ಸವಾರರು. ಮತ್ತೊಂದು ಬಳ್ಳಿ, ಅದರ ಮೇಲೆ ರಾಮಾಯಣ, ಮಹಾಭಾರತ, ಭಾಗವತಗಳ ಕಥೆಗಳು. ಆಮೇಲೆ ಮಕರ, ಕೊನೆಗೆ ಹಂಸ. 1121ರ ಸುಮಾರಿಗೆ ಕೆಲಸ ಆರಂಭವಾದ ಈ ಗುಡಿಯ ಶಿಲ್ಪಿಗಳು ಆನೆ, ಕುದುರೆಗಳನ್ನು ದಿನವೂ ಕಂಡವರು. ಸೊಂಡಿಲಿನ ಮಡಿಕೆ, ಹೆಜ್ಜೆಯ ವೇಗ, ಜೀನು, ಲಗಾಮು ಎಲ್ಲವೂ ಅಲ್ಲಿ ಕಂಡಂತೆಯೇ ಮೂಡಿವೆ. ಆದರೆ ನೀರಿನ ಪ್ರಾಣಿಯಾದ ಮಕರ ಹಾಗಲ್ಲ. ಅದರ ಸೊಂಡಿಲು ಆನೆಯದು, ಬಾಯಿ ಮೊಸಳೆಯದು, ಮೈ ಹಂದಿಯದು, ಬಾಲ ನವಿಲಿನದು. ನೆಲದ ಮೇಲಿನ ಜೀವವನ್ನು ಕಣ್ಣು ನೋಡಿ ಕೆತ್ತಿತು. ನೀರೊಳಗಿನ ಜೀವವನ್ನು ಕಲ್ಪನೆ ಕೆತ್ತಿತು.

ಶಿಲ್ಪದಲ್ಲಿ ಕಾಣುವ ಈ ವ್ಯತ್ಯಾಸ ವೈದ್ಯದಲ್ಲಿಯೂ ಇತ್ತೆಂಬುದು ಕುತೂಹಲದ ಸಂಗತಿ. ಮನುಷ್ಯ ತನ್ನ ಜೊತೆ ಬದುಕಿದ ಪ್ರಾಣಿಗಳ ಕಾಯಿಲೆಯನ್ನು ಸಾವಿರಾರು ವರ್ಷಗಳ ಹಿಂದೆಯೇ ಗುರುತಿಸಲು ಕಲಿತ. ಮೀನಿನ ಕಾಯಿಲೆಯನ್ನು ಗುರುತಿಸಲು ಕಲಿತದ್ದು ಮಾತ್ರ ತೀರಾ ಈಚೆಗೆ. ಏಕೆ ಹೀಗಾಯಿತು?

ನಕುಲ, ಸಹದೇವರ ಉದ್ಯೋಗ

ವಿರಾಟಪರ್ವದ ಕಥೆ ಎಲ್ಲರಿಗೂ ಗೊತ್ತು. ಅಜ್ಞಾತವಾಸಕ್ಕೆ ಬಂದ ಪಾಂಡವರಲ್ಲಿ ನಕುಲ ಅರಸನ ಲಾಯ ಸೇರುತ್ತಾನೆ. ಕುದುರೆಗಳ ರೋಗ ಬಲ್ಲವನೆಂದು ಹೇಳಿಕೊಳ್ಳುತ್ತಾನೆ. ಸಹದೇವ ಗೋವುಗಳ ಉಸ್ತುವಾರಿ ವಹಿಸುತ್ತಾನೆ. ವಿರಾಟ ಆಳುತ್ತಿದ್ದ ನಾಡಿನ ಹೆಸರು ಮತ್ಸ್ಯದೇಶ. ಹೆಸರಿನಲ್ಲೇ ಮೀನಿದ್ದ ಆ ದೇಶದಲ್ಲಿಯೂ ಮೀನಿನ ವೈದ್ಯನಿಗೆ ಕೆಲಸವಿರಲಿಲ್ಲ!

ನಮ್ಮ ಪಶುವೈದ್ಯದ ಪರಂಪರೆ ನಡೆದದ್ದೂ ಇದೇ ಹಾದಿಯಲ್ಲಿ. ಕುದುರೆಗೆ ಶಾಲಿಹೋತ್ರನ ಶಾಸ್ತ್ರ, ಆನೆಗೆ ಪಾಲಕಾಪ್ಯನ ಹಸ್ತ್ಯಾಯುರ್ವೇದ. ಅಶೋಕ ತನ್ನ ಎರಡನೆಯ ಬಂಡೆ ಶಾಸನದಲ್ಲಿ ಮನುಷ್ಯರಿಗೂ ಪಶುಗಳಿಗೂ ಚಿಕಿತ್ಸೆಯ ಏರ್ಪಾಡು ಮಾಡಿಸಿದ್ದನ್ನು ಹೇಳಿಕೊಂಡಿದ್ದಾನೆ. ಕನ್ನಡದಲ್ಲಿ ಈ ವಿಷಯದ ಮೊದಲ ಕೃತಿಯೆಂದು ಹೆಸರಾದದ್ದು 1125ರ ಸುಮಾರಿನ ‘ಗೋವೈದ್ಯ’. ಅದನ್ನು ಬರೆದವನು ಕಲ್ಯಾಣ ಚಾಲುಕ್ಯ ವಂಶದ ರಾಜಕುಮಾರ ಕೀರ್ತಿವರ್ಮ. ಬೇಲೂರಿನ ಚೆನ್ನಕೇಶವನ ಪ್ರತಿಷ್ಠೆಯಾದದ್ದು 1117ರಲ್ಲಿ. ಹಳೇಬೀಡಿನ ಆನೆ, ಕುದುರೆಗಳ ಸಾಲು ಮೂಡತೊಡಗಿದ ಕಾಲವೇ ಕನ್ನಡದಲ್ಲಿ ದನದ ವೈದ್ಯ ಗ್ರಂಥರೂಪ ತಳೆದ ಕಾಲವೂ ಹೌದು.

ಪ್ರಾಣಿಯ ಕಾಯಿಲೆ ಹಿಡಿಯುವುದು ಸುಲಭದ ಮಾತಲ್ಲ. ಎಲ್ಲಿ ನೋವು, ಎಂದಿನಿಂದ ಎಂದು ಅದು ಹೇಳಲಾರದು. ಆದ್ದರಿಂದ ವೈದ್ಯ ಅದರ ನಡವಳಿಕೆಯನ್ನೇ ಓದಬೇಕು. ಮೆಲುಕು ಹಾಕುತ್ತಿದೆಯೇ? ಮೂಗಿನ ತುದಿ ಒದ್ದೆಯಾಗಿದೆಯೇ? ಕಿವಿ ಬಿಸಿಯಾಗಿದೆಯೇ? ಸಗಣಿ ಹೇಗಿದೆ? ಅಮೃತಮಹಲ್ ಕಾವಲುಗಳಿದ್ದ ಅರಸೀಕೆರೆ ಸೀಮೆಯ ದನಗಾಹಿಗಳಿಗೆ ಈ ಪ್ರಶ್ನೆಗಳನ್ನು ಪುಸ್ತಕ ಕಲಿಸಬೇಕಾಗಿರಲಿಲ್ಲ. ದೊಡ್ಡರೋಗ, ಕಾಲುಬಾಯಿ ಜ್ವರ, ಚಪ್ಪೆರೋಗ ಎಂಬ ಹಳ್ಳಿಯ ಹೆಸರುಗಳೇ ಒಂದೊಂದು ರೋಗವನ್ನು ಇನ್ನೊಂದರಿಂದ ಬೇರ್ಪಡಿಸಿ ನೋಡಿದ್ದಕ್ಕೆ ಸಾಕ್ಷಿ.

ಇಂಥ ತಿಳಿವಳಿಕೆ ಇಲ್ಲದಿದ್ದರೆ ಏನಾಗುತ್ತಿತ್ತು? 13ನೆಯ ಶತಮಾನದ ಕೊನೆಯಲ್ಲಿ ತೆಂಕಣ ಕರಾವಳಿಗೆ ಬಂದ ಮಾರ್ಕೊ ಪೋಲೊ ಪಾಂಡ್ಯರ ನಾಡಿನ ವಿಚಾರ ಬರೆದಿದ್ದಾನೆ. ಅಲ್ಲಿನ ಅರಸರು ಅರಬ್ ಕಡೆಯಿಂದ ವರ್ಷವರ್ಷವೂ ಸಾವಿರಾರು ಕುದುರೆಗಳನ್ನು ಚಿನ್ನ ಕೊಟ್ಟು ಕೊಳ್ಳುತ್ತಿದ್ದರಂತೆ. ಆರೈಕೆ ಬಲ್ಲವರಿಲ್ಲದೆ ಅವುಗಳಲ್ಲಿ ಬಹುಪಾಲು ವರ್ಷದೊಳಗೆ ಸಾಯುತ್ತಿದ್ದುವಂತೆ. ವ್ಯಾಪಾರ ಕೆಡಬಾರದೆಂದು ಕುದುರೆ ವೈದ್ಯರು ಅತ್ತ ಬಾರದಂತೆ ವರ್ತಕರೇ ತಡೆಯುತ್ತಿದ್ದರೆಂದೂ ಅವನು ಹೇಳುತ್ತಾನೆ. ಪಶುವೈದ್ಯ ಬೆಳೆದದ್ದರ ಹಿಂದೆ ಕರುಣೆಯಷ್ಟೇ ಅಲ್ಲ, ಬೊಕ್ಕಸದ ಲೆಕ್ಕವೂ ಇತ್ತು. ಬೆಲೆಯುಳ್ಳ ಪ್ರಾಣಿಗೆ ಶಾಸ್ತ್ರ ಹುಟ್ಟಿತು.

ಅರಸ ಬರೆದ ಮೀನಿನ ಅಧ್ಯಾಯ

ಹಾಗೆಂದು ನಮ್ಮವರು ಮೀನನ್ನು ನೋಡಿಯೇ ಇರಲಿಲ್ಲ ಎನ್ನುವಂತಿಲ್ಲ. ಹೊಯ್ಸಳ ವಿಷ್ಣುವರ್ಧನ ಹೆಸರಿಗಾದರೂ ಮಾಂಡಲಿಕನಾಗಿದ್ದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರ 1129ರ ಸುಮಾರಿಗೆ ಸಂಸ್ಕೃತದಲ್ಲಿ ‘ಮಾನಸೋಲ್ಲಾಸ’ವನ್ನು ರಚಿಸಿದ. ಅರಸನಾದವನು ತಿಳಿದಿರಬೇಕಾದ ಎಲ್ಲವನ್ನೂ ನೂರು ಅಧ್ಯಾಯಗಳಲ್ಲಿ ಹೇಳುವ ಈ ವಿಶ್ವಕೋಶದಲ್ಲಿ ‘ಮತ್ಸ್ಯವಿನೋದ’ ಎಂಬ ಭಾಗವೂ ಇದೆ. ಸುಮಾರು 35 ಬಗೆಯ ಮೀನುಗಳನ್ನು ಅಲ್ಲಿ ಹೆಸರಿಸಿದೆ. ಕಡಲಿನವು, ಹೊಳೆಯವು, ಹುರುಪೆ ಉಳ್ಳವು, ಇಲ್ಲದವು ಎಂದು ವಿಂಗಡಿಸಿದೆ. ಭಾರತೀಯ ಪ್ರಾಣಿ ಸರ್ವೇಕ್ಷಣೆಯ ನಿರ್ದೇಶಕರಾಗಿದ್ದ ಸುಂದರ್ ಲಾಲ್ ಹೋರಾ 1951ರಲ್ಲಿ ಈ ಭಾಗದ ಬಗ್ಗೆ ಲೇಖನ ಬರೆದು ಮತ್ಸ್ಯವಿಜ್ಞಾನಿಗಳ ಗಮನ ಸೆಳೆದರು.

ಆದರೆ ಆ ಅಧ್ಯಾಯದ ಉದ್ದೇಶ ಹೆಸರಿನಲ್ಲೇ ಇದೆ: ವಿನೋದ. ಯಾವ ಮೀನಿಗೆ ಯಾವ ಹಿಟ್ಟಿನ ಉಂಡೆ ಹಾಕಿ ಕೊಬ್ಬಿಸಬೇಕು, ಗಾಳ ಹೇಗಿರಬೇಕು, ಸಿಕ್ಕಿದ ಮೀನನ್ನು ಹೇಗೆ ದಣಿಸಿ ಎಳೆಯಬೇಕು ಎಂಬುದೇ ಅದರ ವಿಷಯ. ಮೀನಿಗೆ ಹಸಿವಾಗುವುದನ್ನು ಅರಸ ಬಲ್ಲ. ಕಾಯಿಲೆಯ ಯೋಚನೆ ಅವನಿಗಿಲ್ಲ. ಮಲೆನಾಡಿನ ಹಳ್ಳಕೊಳ್ಳಗಳಲ್ಲಿ ಕಾರೆಕಾಯಿಯನ್ನು ಜಜ್ಜಿ ನೀರಿಗೆ ಹಾಕಿ, ಮೀನಿಗೆ ಮತ್ತೇರಿಸಿ ಹಿಡಿಯುವ ಪದ್ಧತಿಯೂ ಹಳೆಯದೇ. ನೀರು ಕೆಟ್ಟರೆ ಮೀನು ಕೆಡುತ್ತದೆ ಎಂಬುದು ಹೀಗೆ ಬೇಟೆಗಾರನಿಗೆ ಚೆನ್ನಾಗಿ ಗೊತ್ತಿತ್ತು. ಅದೇ ತಿಳಿವಳಿಕೆಯನ್ನು ಮೀನನ್ನು ಉಳಿಸಲು ಬಳಸುವ ಅಗತ್ಯ ಯಾರಿಗೂ ಬೀಳಲಿಲ್ಲ.

ಹಿಡಿಯದೆ ಬಿಟ್ಟ ಮೀನುಗಳು ಇದ್ದುವು ನಿಜ. ಶೃಂಗೇರಿಯ ತುಂಗೆಯಲ್ಲಿ, ಹಾಸನ ಜಿಲ್ಲೆಯದೇ ಆದ ರಾಮನಾಥಪುರದ ಕಾವೇರಿಯಲ್ಲಿ ಅವು ದೇವರ ಮೀನುಗಳು. ಅವನ್ನು ಕಾಪಾಡಿದ್ದು ಭಕ್ತಿ. ಮಂಡಕ್ಕಿ ಎರಚಿದಾಗ ಮೇಲೆ ಬಂದರೆ ಕ್ಷೇಮ ಎಂದು ಜನ ತಿಳಿದರು. ಆದರೆ ಭಕ್ತಿಯ ಕಾವಲು ನೀರಿನ ಕಾವಲಾಗಬೇಕೆಂದಿಲ್ಲ. ಘಟ್ಟದ ಕೆಳಗಿನ ಶಿಶಿಲದ ಕಪಿಲಾ ಹೊಳೆಯಲ್ಲಿ 1996ರಲ್ಲಿ ಯಾರೋ ವಿಷ ಬೆರೆಸಿದ್ದರಿಂದ ದೇವರ ಮೀನುಗಳು ರಾಶಿರಾಶಿಯಾಗಿ ಸತ್ತುವು. ಅವುಗಳ ನೆನಪಿಗೆ ಊರವರು ಸ್ಮಾರಕವನ್ನೇ ನಿಲ್ಲಿಸಿದ್ದಾರೆ.

ಗಾಜು ತಂದ ಬದಲಾವಣೆ

ಮೀನಿನ ಕಾಯಿಲೆ ಮನುಷ್ಯನ ಕಣ್ಣಿಗೆ ಬೀಳಲು ಮೀನೇ ಮೊದಲು ಕಣ್ಣಿಗೆ ಬೀಳಬೇಕಿತ್ತು. ಅದನ್ನು ಆಗಮಾಡಿದ್ದು ಗಾಜಿನ ತೊಟ್ಟಿ. ಅದರ ಮೂಲಪುರುಷರಲ್ಲಿ ಒಬ್ಬನಾದ ರಾಬರ್ಟ್ ವಾರಿಂಗ್ಟನ್ ವೈದ್ಯನಲ್ಲ, ಲಂಡನ್ನಿನ ರಸಾಯನ ವಿಜ್ಞಾನಿ. ಮೀನು ಹೊರಬಿಡುವುದನ್ನು ಜಲಸಸ್ಯ ಬಳಸುತ್ತದೆ, ಸಸ್ಯ ಬಿಡುವ ಆಮ್ಲಜನಕವನ್ನು ಮೀನು ಬಳಸುತ್ತದೆ, ಕೊಳೆತದ್ದನ್ನು ಬಸವನಹುಳು ತಿನ್ನುತ್ತದೆ. ಈ ಮೂರೂ ಸರಿದೂಗಿದರೆ ನೀರು ಬದಲಿಸದೆಯೇ ಮೀನು ಬದುಕುತ್ತದೆ ಎಂದು ಆತ 1850ರಲ್ಲಿ ತೋರಿಸಿದ. 1853ರಲ್ಲಿ ಲಂಡನ್ ಮೃಗಾಲಯದಲ್ಲಿ ಸಾರ್ವಜನಿಕ ಮತ್ಸ್ಯಾಲಯ ತೆರೆಯಿತು. ಮರುವರ್ಷ ಫಿಲಿಪ್ ಹೆನ್ರಿ ಗಾಸ್ ಬರೆದ ಪುಸ್ತಕ ‘ಅಕ್ವೇರಿಯಂ’ ಎಂಬ ಮಾತನ್ನು ಮನೆಮಾತಾಗಿಸಿತು. ನಮ್ಮಲ್ಲಿ ಮುಂಬಯಿಯ ತಾರಾಪೋರ್‌ವಾಲಾ ಮತ್ಸ್ಯಾಲಯ 1951ರಲ್ಲಿ, ಬೆಂಗಳೂರಿನ ಕಬ್ಬನ್ ಪಾರ್ಕಿನದು 1983ರಲ್ಲಿ ಆರಂಭವಾದುವು.

ಗಾಜಿನ ಹಿಂದೆ ಮೀನಿನ ಒಂದೊಂದು ಚಲನೆಯೂ ಕಾಣತೊಡಗಿತು. ಜರ್ಮನಿಯ ಬ್ರೂನೊ ಹೋಫರ್ 1904ರಲ್ಲಿ ಮೀನಿನ ರೋಗಗಳಿಗೇ ಮೀಸಲಾದ ಕೈಪಿಡಿ ಹೊರತಂದ. ಈ ಶಾಸ್ತ್ರದ ಪಿತಾಮಹನೆಂದು ಹೆಸರಾದ. ಕೀರ್ತಿವರ್ಮನ ‘ಗೋವೈದ್ಯ’ಕ್ಕೂ ಹೋಫರನ ಕೈಪಿಡಿಗೂ ನಡುವೆ ಸುಮಾರು 780 ವರ್ಷಗಳ ಅಂತರ!

ಕಡಲ್ಗುದುರೆಯ ಕಾಯಿಲೆ

ಮೀನಿನ ರೋಗ ಹಿಡಿಯುವುದು ಎಷ್ಟು ಸೂಕ್ಷ್ಮದ ಕೆಲಸ ಎಂಬುದಕ್ಕೆ ಕಡಲ್ಗುದುರೆ ಒಳ್ಳೆಯ ಉದಾಹರಣೆ. ಕುದುರೆಮುಖ, ಬಳೆಬಳೆಯಾದ ಮೈ, ಸುರುಳಿ ಸುತ್ತುವ ಬಾಲ. ಹಳೇಬೀಡಿನ ಶಿಲ್ಪಿ ಇದನ್ನು ಕಂಡಿದ್ದರೆ ಮಕರಕ್ಕೆ ಕಲ್ಪನೆಯೇ ಬೇಕಾಗುತ್ತಿರಲಿಲ್ಲವೇನೋ. ಆದರೆ ಇದು ನಿಜವಾದ ಮೀನು. ನಿಂತ ನಿಲುವಿನಲ್ಲೇ ಈಜುತ್ತದೆ. ಮರಿ ಹೊರುವುದು ಗಂಡು. ಇದಕ್ಕೆ ಹಲ್ಲಿಲ್ಲ, ಜಠರವೂ ಇಲ್ಲ. ತಿಂದದ್ದು ಬೇಗ ಕರಗಿಹೋಗುವುದರಿಂದ ದಿನಕ್ಕೆ ಹಲವು ಬಾರಿ ತಿನ್ನಲೇಬೇಕು. ಹಸು ಒಂದು ದಿನ ಮೇವು ಬಿಟ್ಟರೆ ಕಾದು ನೋಡಬಹುದು. ಕಡಲ್ಗುದುರೆ ಒಂದು ದಿನ ಆಹಾರ ಬಿಟ್ಟರೆ ಅದೇ ಅಪಾಯದ ಸೂಚನೆ.

ವಿದೇಶಗಳ ಮತ್ಸ್ಯಾಲಯಗಳಲ್ಲಿ ಇದನ್ನು ಸಾಕುವವರು ನೋಡುವ ಲಕ್ಷಣಗಳು ಹಲವು. ಬಾಲ ಆಸರೆಯನ್ನು ಹಿಡಿಯುತ್ತಿಲ್ಲವೇ? ಉಸಿರಾಟ ಜೋರಾಗಿದೆಯೇ? ಬಣ್ಣ ಕಪ್ಪಿಟ್ಟಿದೆಯೇ? ಮುಳುಗಲಾರದೆ ಮೇಲಕ್ಕೆ ತೇಲುತ್ತಿದ್ದರೆ ಗಂಡಿನ ಮರಿಚೀಲದಲ್ಲಿ ಗಾಳಿ ತುಂಬಿರಬಹುದು. ಬಾಲದ ತುದಿ ಬೆಳ್ಳಗಾಗಿ ಕೊಳೆಯುತ್ತಿದ್ದರೆ ವಿಬ್ರಿಯೊ ಜಾತಿಯ ಬ್ಯಾಕ್ಟೀರಿಯಾ ಇರಬಹುದು. ಮೈಮೇಲೆ ಬಿಳಿ ಚುಕ್ಕೆಗಳಿದ್ದರೆ ಪರೋಪಜೀವಿ ಇರಬಹುದು. ಚರ್ಮದ ಲೋಳೆಯನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ನಿಶ್ಚಯವಾಗುತ್ತದೆ. ಆದರೆ ಇವೆಲ್ಲಕ್ಕೂ ಮೊದಲು ತಿಳಿದವರು ಪರೀಕ್ಷಿಸುವುದು ಮೀನನ್ನಲ್ಲ, ನೀರನ್ನು. ಅಮೋನಿಯಾ ಎಷ್ಟಿದೆ, ನೈಟ್ರೈಟ್ ಎಷ್ಟಿದೆ, ಉಪ್ಪಿನಂಶ ಸರಿಯಿದೆಯೇ, ಬಿಸಿ ಏರಿದೆಯೇ? ನೀರು ಬೆಚ್ಚಗಾದಷ್ಟೂ ಅದರಲ್ಲಿ ಕರಗುವ ಆಮ್ಲಜನಕ ಕಡಿಮೆ, ವಿಬ್ರಿಯೊವಿನ ಹಾವಳಿ ಹೆಚ್ಚು. ನೀರು ಸರಿಯಿಲ್ಲದೆ ಕೊಟ್ಟ ಔಷಧಿ ವ್ಯರ್ಥ.

ನಮ್ಮ ಓದುಗರು ಇದನ್ನು ತಂದು ಸಾಕುವ ಯೋಚನೆ ಮಾಡುವಂತಿಲ್ಲ. ಚೀನೀ ಔಷಧಿಗಾಗಿ ಭಾರತದ ಕರಾವಳಿಯಿಂದ ಒಣಗಿಸಿದ ಕಡಲ್ಗುದುರೆಗಳು ದೊಡ್ಡ ಪ್ರಮಾಣದಲ್ಲಿ ರಫ್ತಾಗುತ್ತಿದ್ದುವು. 2001ರಲ್ಲಿ ಇವನ್ನು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಗೆ ಒಳಪಡಿಸಲಾಯಿತು. 2004ರಿಂದ ಅಂತಾರಾಷ್ಟ್ರೀಯ ವ್ಯಾಪಾರಕ್ಕೂ ಕಡಿವಾಣ ಬಿತ್ತು. ಇತರರ ಕಾಯಿಲೆಗೆ ಔಷಧಿಯಾಗಿ ಸಾಯುತ್ತಿದ್ದ ಜೀವದ ಕಾಯಿಲೆಯನ್ನು ಜಗತ್ತು ವಿಚಾರಿಸಿದ್ದು ಬಹಳ ತಡವಾಗಿ.

ಸಮುದ್ರವೆಂಬ ಕೆರೆ

ಕಡಲ್ಗುದುರೆಯ ತೊಟ್ಟಿ ಕಲಿಸಿದ ಈ ಪಾಠ ಬಯಲುಸೀಮೆಗೂ ಬೇಕಾದದ್ದೇ. ಹಳೇಬೀಡಿನ ಹಳೆಯ ಹೆಸರು ದೋರಸಮುದ್ರ. ಕಡಲಿಲ್ಲದ ನಾಡಿನವರು ತಮ್ಮ ದೊಡ್ಡ ಕೆರೆಯನ್ನೇ ಸಮುದ್ರವೆಂದರು. ಅರಸೀಕೆರೆಯ ಹೆಸರಿನಲ್ಲಿ ಅರಸಿಯೂ ಇದ್ದಾಳೆ, ಕೆರೆಯೂ ಇದೆ. ಇಂಥ ಕೆರೆಗಳಲ್ಲಿ ಈಗ ಕಟ್ಲಾ, ರೋಹು, ಗೆಂಡೆ ಮೀನುಗಳ ಮರಿ ಬಿಟ್ಟು ಸಾಕುವುದು ಎಷ್ಟೋ ಮನೆಗಳ ಜೀವನೋಪಾಯ. ಒಂದು ಬೆಳಗ್ಗೆ ಮೀನುಗಳು ಹೊಟ್ಟೆ ಮೇಲಾಗಿ ತೇಲಿದರೆ ವರ್ಷದ ದುಡಿಮೆ ಹೋದಂತೆ.

ಆಗ ಮೊದಲು ಹುಟ್ಟುವ ಸಂಶಯ, ಯಾರೋ ವಿಷ ಹಾಕಿದರು ಎಂಬುದು. ಶಿಶಿಲದಲ್ಲಿ ಅದು ನಿಜವಾಗಿತ್ತು. ಎಲ್ಲ ಕಡೆ ನಿಜವಲ್ಲ. ಕೊಳಚೆ ಸೇರಿ ಪಾಚಿ ಹಬ್ಬಿದ ಕೆರೆಯಲ್ಲಿ ಹಗಲು ಪಾಚಿ ಆಮ್ಲಜನಕ ಕೊಡುತ್ತದೆ; ರಾತ್ರಿ ಅದೂ ಮೀನಿನಂತೆಯೇ ಉಸಿರಾಡುತ್ತದೆ. ಸೂರ್ಯೋದಯಕ್ಕೆ ಮುಂಚೆ ನೀರಿನಲ್ಲಿ ಆಮ್ಲಜನಕ ತೀರಾ ಇಳಿದಿರುತ್ತದೆ. ಮೀನುಗಳು ನಸುಕಿನಲ್ಲಿ ಮೇಲೆ ಬಂದು ಬಾಯಿ ತೆರೆದು ಗಾಳಿ ಗುಟುಕರಿಸುತ್ತಿದ್ದರೆ ಅದು ಉಸಿರು ಕಟ್ಟುತ್ತಿರುವ ಲಕ್ಷಣ. ಎಲ್ಲ ಜಾತಿಯ ಮೀನೂ ಒಮ್ಮೆಗೇ ಸತ್ತರೆ ನೀರಿನ ದೋಷವನ್ನು ಶಂಕಿಸಬೇಕು. ಒಂದೇ ಜಾತಿ, ದಿನಕ್ಕಿಷ್ಟರಂತೆ ಸಾಯುತ್ತಿದ್ದರೆ ರೋಗವನ್ನು.

ರೋಗವಾದರೂ ನೀರಿನ ನಂಟು ಬಿಡುವುದಿಲ್ಲ. 1988ರಲ್ಲಿ ಈಶಾನ್ಯ ರಾಜ್ಯಗಳ ಮೂಲಕ ಭಾರತವನ್ನು ಹೊಕ್ಕು ಮುಂದೆ ದಕ್ಷಿಣಕ್ಕೂ ಇಳಿದ ಹುಣ್ಣಿನ ರೋಗ, ಕೊರವ ಮೊದಲಾದ ಮೀನುಗಳ ಮೈಯನ್ನು ಕೊರೆದು ಹಾಕಿತು. ಜನ ಹೆದರಿ ಮೀನು ತಿನ್ನುವುದನ್ನೇ ಬಿಟ್ಟ ದಿನಗಳವು. ವೈರಸ್ಸೋ ಬ್ಯಾಕ್ಟೀರಿಯಾವೋ ಎಂದು ವರ್ಷಗಟ್ಟಲೆ ಚರ್ಚೆ ನಡೆದು, ಕೊನೆಗೆ ಶಿಲೀಂಧ್ರವನ್ನು ಹೋಲುವ ಅಫನೊಮೈಸಿಸ್ ಎಂಬ ಜೀವಿ ಮೂಲವೆಂದು ಗೊತ್ತಾಯಿತು. ಅದು ಬಲ ಪಡೆಯುವುದು ಮಳೆಗಾಲ ಮುಗಿದು ನೀರು ತಣ್ಣಗಾಗುವಾಗ. ಕೊಳಕ್ಕೆ ಸುಣ್ಣ ಹಾಕುವುದು ರೈತರಿಗೆ ಹೇಳಿದ ಮುಖ್ಯ ಉಪಾಯ. ಇಲ್ಲಿಯೂ ಚಿಕಿತ್ಸೆ ನಡೆದದ್ದು ನೀರಿಗೇ.

ದೇಶದ ಮೊದಲ ಮೀನುಗಾರಿಕೆ ಕಾಲೇಜು 1969ರಲ್ಲಿ ಹುಟ್ಟಿದ್ದು ನಮ್ಮ ಮಂಗಳೂರಿನಲ್ಲೇ. ಮತ್ಸ್ಯವೈದ್ಯರಿಲ್ಲದ ಕಾಲ ಅಲ್ಲಿಗೆ ಮುಗಿಯಿತೆನ್ನಬಹುದು. ಆದರೆ ಅವರು ರೋಗ ಹಿಡಿಯಬೇಕಾದರೆ ನಾವೂ ಸ್ವಲ್ಪ ನೆರವಾಗಬೇಕು. ಸತ್ತು ಉಬ್ಬಿದ ಮೀನು ಬೇಗ ಕೊಳೆಯುವುದರಿಂದ ಪರೀಕ್ಷೆಗೆ ಬಾರದು. ಸಾಯುತ್ತಿರುವ ಒಂದೆರಡು ಮೀನನ್ನು ಅದೇ ನೀರಿನಲ್ಲಿ ಜೀವಸಹಿತ ಒಯ್ಯಬೇಕು. ಕೆರೆಯ ನೀರನ್ನು ಶುದ್ಧ ಬಾಟಲಿಯಲ್ಲಿ ಬೇರೆಯಾಗಿ ಒಯ್ಯಬೇಕು. ಹಿಂದಿನ ವಾರ ಮಳೆ ಬಂತೇ, ಹೊಲಕ್ಕೆ ಔಷಧಿ ಹೊಡೆದರೇ, ಚರಂಡಿ ಒಡೆಯಿತೇ ಎಂಬುದನ್ನು ನೆನಪಿಟ್ಟು ಹೇಳಬೇಕು. ಮೂಗು ಮುಟ್ಟಿ ದನದ ಜ್ವರ ಹೇಳುತ್ತಿದ್ದ ಹಿರಿಯರ ಜಾಣ್ಮೆಯೇ ಇಲ್ಲಿಯೂ ಬೇಕು. ಮುಟ್ಟಿ ನೋಡಬೇಕಾದದ್ದು ಮಾತ್ರ ಕೆರೆಯ ನೀರನ್ನು. ಅದೇ ನೀರನ್ನು ದನವೂ ಕುಡಿಯುತ್ತದೆ, ಅದೇ ನೀರು ಇಂಗಿ ಊರಿನ ಬಾವಿಗೂ ಇಳಿಯುತ್ತದೆ.