ಸರಾಫರ ಮೂಸೆ: ಕಲಬುರಗಿ ನೆಲದಲ್ಲಿ ಸರ್ಕಾರದ ಸಾಲ, ಜನರ ಉಳಿತಾಯ

ಬಹಮನಿ ಸುಲ್ತಾನ ಒಂದನೆಯ ಮುಹಮ್ಮದ್ ಷಾ (1358–1375) ಕಲಬುರಗಿಯ ಆಸ್ಥಾನದಲ್ಲಿ ಒಂದು ಸಂಜೆ ಕುಡಿದ ಅಮಲಿನಲ್ಲಿದ್ದ. ದೆಹಲಿಯಿಂದ ಬಂದ ಗವಾಯಿಗಳ ಹಾಡು ಮೆಚ್ಚಿಗೆಯಾಗಿ ಅವರಿಗೆ ಇನಾಮು ಬರೆಸಿದ. ಬರೆಸಿದ್ದು ತನ್ನ ಬೊಕ್ಕಸದ ಮೇಲಲ್ಲ, ವಿಜಯನಗರದ ರಾಯನ ಬೊಕ್ಕಸದ ಮೇಲೆ. ಮಂತ್ರಿ ಇದನ್ನು ಕುಡಿದವರ ಮಾತೆಂದು ಬಿಟ್ಟಿದ್ದ. ಮರುದಿನ ಅಮಲು ಇಳಿದ ಮೇಲೂ ಸುಲ್ತಾನ ಹಟ ಹಿಡಿದು ಪತ್ರವನ್ನು ಕಳಿಸಿಯೇಬಿಟ್ಟ. ಅದನ್ನು ಒಯ್ದವನನ್ನು ರಾಯ ಕತ್ತೆಯ ಮೇಲೆ ಕೂಡಿಸಿ ಊರು ಸುತ್ತಿಸಿದ, ಯುದ್ಧವಾಯಿತು. ಈ ಕಥೆ ಹೇಳುವ ಚರಿತ್ರೆಕಾರ ಫಿರಿಷ್ತಾ ಇನ್ನೊಂದನ್ನೂ ಹೇಳುತ್ತಾನೆ. ಸುಲ್ತಾನ ತನ್ನ ಹೆಸರಿನ ಚಿನ್ನದ ನಾಣ್ಯ ಹೊಡೆಸಿದ. ನಾಣ್ಯ ವಿನಿಮಯ ಮಾಡುವ ಸರಾಫರು ಕೈಗೆ ಬಂದ ನಾಣ್ಯವನ್ನೆಲ್ಲ ಮೂಸೆಗೆ ಹಾಕಿ ಕರಗಿಸಿದರು, ಪೇಟೆಯಲ್ಲಿ ಹೊನ್ನು ಮತ್ತು ಪ್ರತಾಪ ಎಂಬ ಹಳೆಯ ನಾಣ್ಯಗಳೇ ಓಡಾಡುವಂತೆ ನೋಡಿಕೊಂಡರು. ಎಚ್ಚರಿಕೆ ಕೊಟ್ಟರೂ ನಿಲ್ಲಿಸಲಿಲ್ಲ. 1360ರ ಸುಮಾರಿಗೆ ಅವರನ್ನು ಕೊಲ್ಲಿಸಲಾಯಿತು.

ಫಿರಿಷ್ತಾ ಬರೆದದ್ದು ಬಿಜಾಪುರದ ಆಸ್ಥಾನದಲ್ಲಿ, ಘಟನೆ ನಡೆದು ಸುಮಾರು ಎರಡೂವರೆ ಶತಮಾನ ಕಳೆದ ಮೇಲೆ. ಸರಾಫರು ಹಾಗೆ ಮಾಡಿದ್ದು ನೆರೆಯ ರಾಯರ ಚಿತಾವಣೆಯಿಂದ ಎಂಬ ಅವನ ವಿವರಣೆಯಲ್ಲಿ ಆಸ್ಥಾನದ ದನಿಯೇ ಕೇಳುತ್ತದೆ. ಅದನ್ನು ಹಾಗೆಯೇ ನಂಬಬೇಕಾಗಿಲ್ಲ. ನಾಣ್ಯ ಯಾವುದಿರಬೇಕು ಎಂದು ದೊರೆ ಹೇಳಿದರೂ ಒಪ್ಪುವುದು ಬಿಡುವುದು ಪೇಟೆಯ ಕೈಯಲ್ಲಿತ್ತು ಎಂಬಷ್ಟನ್ನು ಮಾತ್ರ ಈ ಕಥೆ ಗಟ್ಟಿಯಾಗಿ ಹೇಳುತ್ತದೆ. ಆ ನಂತರವೂ ದಖ್ಖನಿನಲ್ಲಿ ಹೊನ್ನು, ಹಣಗಳ ಚಲಾವಣೆ ನಿಲ್ಲಲಿಲ್ಲ ಎಂಬುದು ಇದಕ್ಕೆ ಸಾಕ್ಷಿ. ನನ್ನ ವಾದ ಇಲ್ಲಿಂದ ಹುಟ್ಟುತ್ತದೆ. ಸರ್ಕಾರದ ಸಾಲ ಹೇಗೆ ತೀರುತ್ತದೆ ಎನ್ನುವುದು ಸಾಲದ ಮೊತ್ತದ ಮೇಲೆ ನಿಂತಿಲ್ಲ, ಸಾಲ ಕೊಟ್ಟವನ ಬಲದ ಮೇಲೆ ನಿಂತಿದೆ. ಬಲ್ಲಿದನಿಗೆ ನೆಲ ಸಿಗುತ್ತದೆ. ಚದುರಿಹೋದ ಸಣ್ಣ ಉಳಿತಾಯಗಾರನಿಗೆ ಸವೆದ ನಾಣ್ಯ ಸಿಗುತ್ತದೆ. ಕಲಬುರಗಿ ಸೀಮೆಯವರು ಬಂಗಾರವನ್ನೂ ಹೊಲವನ್ನೂ ನೆಚ್ಚಿದ್ದನ್ನು ಮೂಢತನ ಎನ್ನುವ ಅರ್ಥಶಾಸ್ತ್ರ ಈ ಲೆಕ್ಕವನ್ನು ನೋಡಿಯೇ ಇಲ್ಲ. ಚಿತ್ತಾಪುರ ಬಳಿಯ ನಾಗಾವಿಯ ವಿದ್ಯಾಕೇಂದ್ರವಾದ ಘಟಿಕಾಸ್ಥಾನಕ್ಕೆ 1058ರಲ್ಲಿ ದತ್ತಿ ಬಿಟ್ಟವರು ಅಧ್ಯಾಪಕರಿಗೂ ಪುಸ್ತಕ ಕಾಯುವ ಸರಸ್ವತೀ ಭಂಡಾರಿಗರಿಗೂ ಜೀವನಾಂಶವಾಗಿ ಹೊಲವನ್ನೇ ಕೊಟ್ಟರು. ನಗದು ಸವೆದರೂ ನೆಲ ಸವೆಯುವುದಿಲ್ಲವಲ್ಲ!

ಬಲ್ಲಿದ ಸಾಲಿಗನ ಕಥೆ ನಿಜಾಮರ ಕಾಲದ್ದು. ನಿಜಾಮನ ಮಂತ್ರಿ ಚಂದೂಲಾಲ ಪಾಮರ್ ಎಂಬ ಲೇವಾದೇವಿ ಕಂಪನಿಯಿಂದ ನೂರಕ್ಕೆ ಇಪ್ಪತ್ತನಾಲ್ಕರ ಆಸುಪಾಸಿನ ಬಡ್ಡಿಗೆ ಸಾಲ ಎತ್ತಿದ. ಆ ಸಾಲ ತೀರಿಸಲು 1823ರಲ್ಲಿ ಈಸ್ಟ್ ಇಂಡಿಯಾ ಕಂಪನಿ ಉತ್ತರ ಸರ್ಕಾರ್‌ಗಳಿಗಾಗಿ ನಿಜಾಮನಿಗೆ ವರ್ಷಕ್ಕೆ ಕೊಡುತ್ತಿದ್ದ ಏಳು ಲಕ್ಷದ ಪೇಷ್ಕಷ್ (ಕಪ್ಪ) ಅನ್ನು ಶಾಶ್ವತವಾಗಿ ರದ್ದು ಮಾಡಿ ಒಂದೇ ಗಂಟಿನಲ್ಲಿ 1,16,66,666 ರೂಪಾಯಿ ಕೊಟ್ಟಿತು. ಒಂದು ಸಾಲ ತೀರಿಸಲು ಒಂದು ಆದಾಯವೇ ಹೋಯಿತು. ಮುಂದೆ ನಿಜಾಮನ ಖರ್ಚಿನಲ್ಲಿ ಕಂಪನಿ ನಡೆಸುತ್ತಿದ್ದ ಕಂಟಿಂಜೆಂಟ್ ಪಡೆಯ ಸಂಬಳದ ಬಾಕಿ ಬೆಳೆದು 1853ರ ಮೇ ತಿಂಗಳಲ್ಲಿ ಬೇರಾರ್, ಧಾರಾಶಿವ ಮತ್ತು ನಮ್ಮ ರಾಯಚೂರು ದೋಆಬ್ ಕಂಪನಿಯ ಕೈಗೆ ಹೋದವು. ಈ ಬಾಕಿ ಸುಮಾರು ಐವತ್ತು ಲಕ್ಷ ಹೈದರಾಬಾದಿ ರೂಪಾಯಿ, ಅಂದರೆ ನಿಜಾಮನ ಸ್ವಂತ ನಾಣ್ಯದಲ್ಲೇ ಎಣಿಸಿದ್ದು. ಹಾಗಿದ್ದರೆ ಬೆಳ್ಳಿಗೆ ತಾಮ್ರ ಬೆರೆಸಿ ತೀರಿಸಬಹುದಿತ್ತಲ್ಲ ಎಂದು ಕೇಳಬಹುದು. ಆಗುತ್ತಿರಲಿಲ್ಲ, ಏಕೆಂದರೆ ಎಣಿಸಿಕೊಳ್ಳುವವನ ಹಿಂದೆ ದಂಡು ನಿಂತಿತ್ತು. ರಾಯಚೂರು, ಧಾರಾಶಿವಗಳು 1860ರಲ್ಲಿ ಮರಳಿದವು, ಬಾಕಿಯೂ ಮಾಫಿಯಾಯಿತು. ಅದು 1857ರ ದಂಗೆಯಲ್ಲಿ ನಿಜಾಮ ತೋರಿದ ನಿಷ್ಠೆಯ ಬೆಲೆ, ಲೆಕ್ಕಪತ್ರದ ನ್ಯಾಯವಲ್ಲ.

ಅದೇ ಕಾಲದಲ್ಲಿ ಸಾಮಾನ್ಯನ ಗತಿ ಬೇರೆಯಾಗಿತ್ತು. ಗದ್ವಾಲ, ನಾರಾಯಣಪೇಟೆಗಳಂಥ ಟಂಕಸಾಲೆಗಳಿಂದ ಬಗೆಬಗೆಯ ರೂಪಾಯಿ ಬರುತ್ತಿದ್ದವು. ಒಂದು ಪೇಟೆಯ ರೂಪಾಯಿಗೆ ಇನ್ನೊಂದು ಪೇಟೆಯಲ್ಲಿ ಬಟ್ಟಾ (ವಟ್ಟ) ಕಳೆಯಬೇಕಿತ್ತು. ದಿವಾನ ಸಾಲಾರ್ ಜಂಗ್ ಟಂಕಸಾಲೆಗಳನ್ನು ಹಿಡಿತಕ್ಕೆ ತಂದು ಹಾಲಿ ಸಿಕ್ಕಾ ಎಂಬ ಹೈದರಾಬಾದಿ ರೂಪಾಯಿಗೆ ಒಂದು ರೂಪ ಕೊಟ್ಟ. ಮೊದಲ ಮಹಾಯುದ್ಧದಲ್ಲಿ ಬೆಳ್ಳಿ ತುಟ್ಟಿಯಾದಾಗ, 1918ರಲ್ಲಿ, ಕಾಗದದ ನೋಟೂ ಬಂತು. ಕೊನೆಗೆ ಏಳು ಹಾಲಿ ರೂಪಾಯಿಗೆ ಆರು ಕಲ್ದಾರ್ (ಬ್ರಿಟಿಷ್ ಇಂಡಿಯಾದ ರೂಪಾಯಿ) ಎಂಬ ದರ ನಿಂತಿತು. ನನ್ನ ವಾದಕ್ಕೆ ದೊಡ್ಡ ಆಕ್ಷೇಪ ಬರುವುದು ಇಲ್ಲೇ. 1950ರ ದಶಕದಲ್ಲಿ ಹಾಲಿ ಸಿಕ್ಕಾ ಅಳಿದಾಗ ಯಾರ ಹಣವೂ ಮುಳುಗಲಿಲ್ಲ, ಅದೇ ಏಳಕ್ಕೆ ಆರರ ದರದಲ್ಲಿ ಬದಲಾಯಿಸಿ ಕೊಟ್ಟರು. 1942ರಲ್ಲಿ ಕೆಲಸ ಶುರುಮಾಡಿದ ಹೈದರಾಬಾದ್ ಸ್ಟೇಟ್ ಬ್ಯಾಂಕ್ ಹೆಸರು ಬದಲಿಸಿಕೊಂಡು 2017ರ ವರೆಗೂ ಉಳಿದು ಸ್ಟೇಟ್ ಬ್ಯಾಂಕ್ ಆಫ್ ಇಂಡಿಯಾದಲ್ಲಿ ಸೇರಿತು, ಠೇವಣಿಗಳು ಸುರಕ್ಷಿತವಾಗಿದ್ದವು. ಹಾಗಾದರೆ ಕಾಗದವನ್ನು ಅನುಮಾನಿಸಿದವರು ತಪ್ಪಲ್ಲವೇ?

ಇದಕ್ಕೆ ಉತ್ತರ ಸಂಖ್ಯೆ ಮತ್ತು ಬೆಲೆ ಎರಡನ್ನೂ ಬೇರೆಬೇರೆಯಾಗಿ ನೋಡಿದರೆ ಸಿಗುತ್ತದೆ. ಸರ್ಕಾರ ನೋಟಿನ ಮೇಲಿನ ಸಂಖ್ಯೆಯನ್ನು ಪ್ರಾಮಾಣಿಕವಾಗಿ ಕಾಪಾಡಿತು, ಕಾಪಾಡುತ್ತಲೂ ಇದೆ. ಬೆಲೆಯ ಮಾತು ಬೇರೆ. 1988ರಲ್ಲಿ ಶುರುವಾದ ಕಿಸಾನ್ ವಿಕಾಸ ಪತ್ರದಲ್ಲಿ ಇಟ್ಟ ಹಣ ಐದೂವರೆ ವರ್ಷಕ್ಕೆ ಇಮ್ಮಡಿಯಾಗುತ್ತಿತ್ತು. 2023ರ ದರದಲ್ಲಿ ಅದಕ್ಕೆ 115 ತಿಂಗಳು ಬೇಕಾಗಿತ್ತು. ಇಮ್ಮಡಿಯಾದ ರೊಕ್ಕ ಏನನ್ನು ಕೊಳ್ಳುತ್ತದೆ ಎಂಬುದನ್ನು ಪತ್ರದ ಮೇಲೆ ಯಾರೂ ಬರೆದುಕೊಡುವುದಿಲ್ಲ. ಅಪರೂಪಕ್ಕೆ ಬರೆದುಕೊಟ್ಟಾಗ ಏನಾಯಿತು? 2015ರ ನವೆಂಬರ್ 30ರಂದು ಮೊದಲ ಸವರನ್ ಗೋಲ್ಡ್ ಬಾಂಡ್ ಬಂತು, ಗ್ರಾಮಿಗೆ 2,684 ರೂಪಾಯಿ, ಮೇಲೆ ವರ್ಷಕ್ಕೆ ಶೇ 2.75 ಬಡ್ಡಿ. ಎಂಟು ವರ್ಷ ತುಂಬಿದಾಗ ಚಿನ್ನದ ಆಗಿನ ಬೆಲೆಯಂತೆ ಗ್ರಾಮಿಗೆ 6,132 ರೂಪಾಯಿ ಕೊಡಬೇಕಾಯಿತು. 2024ರ ಫೆಬ್ರವರಿಯ ಕಂತೇ ಕೊನೆ. ಇದು ತುಂಬ ದುಬಾರಿ ಸಾಲ ಎಂದು ಸರ್ಕಾರದವರೇ ಹೇಳಿದರು. ಸಾಲಗಾರ ತನ್ನ ಕೈಯಿಂದ ಸವೆಸಲಾಗದ ಅಳತೆಯಲ್ಲಿ ಸಾಲ ಎತ್ತಲು ಬಯಸುವುದಿಲ್ಲ ಎಂಬುದಕ್ಕೆ ಇದಕ್ಕಿಂತ ನೇರವಾದ ಸಾಕ್ಷಿ ನನಗೆ ಕಂಡಿಲ್ಲ.

ಬಂಗಾರ ಏರಿದ್ದು ಅದೃಷ್ಟ ಎನ್ನುವವರ ಮಾತಲ್ಲಿ ಅರ್ಧ ನಿಜವಿದೆ. 2011ರಲ್ಲಿ ಜಗತ್ತಿನ ಪೇಟೆಯಲ್ಲಿ ಔನ್ಸಿಗೆ 1,900 ಡಾಲರ್ ಮುಟ್ಟಿದ ಚಿನ್ನ 2015ರ ಕೊನೆಗೆ 1,050ರ ಹತ್ತಿರಕ್ಕೆ ಕುಸಿದಿತ್ತು, ಬಾಂಡ್ ಹುಟ್ಟಿದ್ದು ಆ ತಗ್ಗಿನಲ್ಲೇ. ಶಿಖರದಲ್ಲಿ ಕೊಂಡವರು ವರ್ಷಗಟ್ಟಲೆ ಕಾದರು. ಇನ್ನೂ ಒಂದು ಮಾತು ಒಪ್ಪಬೇಕು. 2013ರ ಡಿಸೆಂಬರಿನಲ್ಲಿ ಬೆಲೆಯೇರಿಕೆಗೇ ಗಂಟುಹಾಕಿದ ಉಳಿತಾಯ ಪತ್ರ ಬಂದಾಗ ಜನ ಹೆಚ್ಚಾಗಿ ಕೊಳ್ಳಲಿಲ್ಲ, ಮೂರು ತಿಂಗಳಲ್ಲಿ ಅದು ಮುಚ್ಚಿತು. ಉಳಿತಾಯಗಾರರೂ ಸದಾ ಜಾಣರಲ್ಲ. ಆದ್ದರಿಂದ ನಾನು ಇದ್ದಬದ್ದದ್ದನ್ನೆಲ್ಲ ಬಂಗಾರಕ್ಕೆ ಹಾಕಿ ಎನ್ನುತ್ತಿಲ್ಲ. ಸರಾಫನ ಬಲ ಇದ್ದದ್ದು ಚಿನ್ನದಲ್ಲಿ ಅಲ್ಲ, ಮೂಸೆಯಲ್ಲಿ, ಅಂದರೆ ಬೇಕಾದಾಗ ಹೊರಬರುವ ದಾರಿಯಲ್ಲಿ. ದೀರ್ಘ ಅವಧಿಗೆ ಒಂದೇ ಬಡ್ಡಿಗೆ ಕಟ್ಟಿಹಾಕುವ ಪತ್ರಕ್ಕಿಂತ ಒಂದೆರಡು ವರ್ಷಕ್ಕೆ ಬಿಚ್ಚಿಕೊಳ್ಳುವ ಠೇವಣಿ ಹಣದ ಸವೆತವನ್ನು ಹೆಚ್ಚು ತಾಳಿಕೊಳ್ಳುತ್ತದೆ. ರಾಜ್ಯ ಸರ್ಕಾರದ ಸಾಲಕ್ಕೆ ಹೆದರುವವರು ಇನ್ನೊಂದು ವ್ಯತ್ಯಾಸ ಗಮನಿಸಬೇಕು. 2025–26ರ ಬಜೆಟ್ ಪ್ರಕಾರ ಕರ್ನಾಟಕದ ಹೊಣೆ 7.64 ಲಕ್ಷ ಕೋಟಿ, ರಾಜ್ಯದ ಉತ್ಪನ್ನದ ಶೇ 24.91, ಕಾನೂನಿನ ಮಿತಿಯಾದ ಶೇ 25ಕ್ಕೆ ತಾಗಿಕೊಂಡೇ ಇತ್ತು. ಆದರೆ ಬೆಂಗಳೂರಿಗೆ ಟಂಕಸಾಲೆ ಇಲ್ಲ. ಅದು ತೆರಿಗೆ, ಶುಲ್ಕ, ಖರ್ಚಿನ ಕಡಿತದಿಂದ ತೀರಿಸಬೇಕು. ನಾಣ್ಯ ಸವೆಸುವ ಶಕ್ತಿ ಇರುವುದು ದೆಹಲಿಗೆ, ಅದಕ್ಕೆ 2016ರಿಂದ ಶೇ 4ರ ಬೆಲೆಯೇರಿಕೆ ಗುರಿಯ ಲಗಾಮು ಇದೆ.

ಆ ಲಗಾಮು ಎಳೆದಾಗ ಉಜ್ಜುವುದು ಮಾತ್ರ ತೊಗರಿ ಬೆಳೆಯುವ ಕಲಬುರಗಿಯ ಕುತ್ತಿಗೆಗೆ. 2015ರಲ್ಲಿ ತೊಗರಿಬೇಳೆ ಕಿಲೋಗೆ 200 ರೂಪಾಯಿಯ ಹತ್ತಿರ ಹೋಯಿತು. ಮರುವರ್ಷ ಬಿತ್ತನೆ ಏರಿತು, ಆಮದಿಗೂ ಬಾಗಿಲು ತೆರೆಯಿತು. 2016–17ರ ಬೆಂಬಲ ಬೆಲೆ ಬೋನಸ್ ಸೇರಿ ಕ್ವಿಂಟಾಲಿಗೆ 5,050, ಗಂಜ್ ಮಾರುಕಟ್ಟೆಯಲ್ಲಿ ಸಿಕ್ಕಿದ್ದು ಅದಕ್ಕೂ ಕಡಿಮೆ. ನಗರದ ಸಂಬಳದಾರನ ಠೇವಣಿ ಸವೆಯದಿರಲಿ ಎಂದು ಮಾಡಿದ್ದು ಇಲ್ಲಿ ರೈತನ ಉಳಿತಾಯವನ್ನೇ ಸವೆಸಿತು. ಕಮಲಾಪುರದ ಕೆಂಬಾಳೆ ಬೆಳೆಗಾರನ ಲೆಕ್ಕ ಇದರ ಪಕ್ಕದಲ್ಲಿ ಇಟ್ಟು ನೋಡಬೇಕು. ದಪ್ಪ ಸಿಪ್ಪೆಯ ಆ ಕೆಂಪು ಗೊನೆ ಕೈಗೆ ಬರಲು ಸುಮಾರು ಒಂದೂವರೆ ವರ್ಷ ಬೇಕು. ಅಷ್ಟು ದಿನ ಗೊಬ್ಬರ, ನೀರು, ಕೂಲಿಗೆ ಹಾಕಿದ ರೊಕ್ಕ ಹೊಲದಲ್ಲೇ ಕೂತಿರುತ್ತದೆ. ಅವನ ಹಣ್ಣಿನ ದರಕ್ಕೆ ಸರ್ಕಾರ ಕೈಹಾಕುವುದಿಲ್ಲ, ಬೆಳೆಯುವವರೂ ಕಡಿಮೆ. ಉಳಿದ ಹಣವನ್ನು ಎಲ್ಲಿ ಹಾಕಲಿ ಎಂದು ಅವನು ಕೇಳಿದರೆ ಪತ್ರಗಳ ಹೆಸರು ಹೇಳುವುದಕ್ಕಿಂತ ಮುಂಚೆ ಹೊಲದ ಮೇಲಿನ ಸಾಲ ತೀರಿದೆಯೇ, ಬಾವಿಯಲ್ಲಿ ಬೇಸಿಗೆಗೆ ನೀರಿದೆಯೇ ಎಂದು ಕೇಳುತ್ತೇನೆ.