ಕೊಪ್ಪಳ ಹುಡುಕಿದರೆ ಕೊಪಣ ಸಿಗಲ್ಲ

ಕೊಪ್ಪಳ ಅಂತ ಟೈಪ್ ಮಾಡಿದರೆ ಕಂಪ್ಯೂಟರ್‌ಗೆ ಕೊಪಣ ಸಿಗೋದಿಲ್ಲ. ಅದರ ಪಾಲಿಗೆ ಅವೆರಡೂ ಬೇರೆ ಬೇರೆ ಅಕ್ಷರಗಳ ಸಾಲು, ಅಷ್ಟೇ. ಆದರೆ ಕ್ರಿ.ಶ. 850ರ ಸುಮಾರಿನ ಕವಿರಾಜಮಾರ್ಗ ಕನ್ನಡದ ತಿರುಳು ಇರೋ ಜಾಗ ಅಂತ ನಾಲ್ಕು ಊರು ಹೇಳುತ್ತಲ್ಲ, ಕಿಸುವೊಳಲು, ಕೊಪಣ, ಪುಲಿಗೆರೆ, ಒಕ್ಕುಂದ ಅಂತ, ಅದರಲ್ಲಿ ಎರಡನೇದು ನಮ್ಮ ಕೊಪ್ಪಳವೇ. ನಾನು ಕುಷ್ಟಗಿ ತಾಲ್ಲೂಕಿನ ಹಳ್ಳಿಯವನು. ಶಾಲೆಯಲ್ಲಿ ಓದಿದ ಇತಿಹಾಸದಲ್ಲಿ ಹಂಪಿ ಬಂತು, ಬಾದಾಮಿ ಬಂತು, ಮೈಸೂರಂತೂ ಬಂದೇ ಬಂತು. ಇವುಗಳ ನಡುವಿನ ನಮ್ಮ ಸೀಮೆ ಬರೀ ಬಸ್ ಹೋಗೋ ದಾರಿ ಅನ್ನೋ ಹಾಗಿತ್ತು.

ಅದಕ್ಕೇ ಒಂದು ವರ್ಷದಿಂದ ಶನಿವಾರ, ಭಾನುವಾರ ಕೂತು ಒಂದು ಸಣ್ಣ ಸರ್ಚ್ ಎಂಜಿನ್ ಕಟ್ಟುತ್ತಿದ್ದೇನೆ. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಕಡೆಯ ಶಾಸನಗಳ ಪಾಠ ಮತ್ತು ಆ ಊರುಗಳ ಬಗ್ಗೆ ಬಂದ ಹಳೆ ಬರಹ, ಇಷ್ಟರೊಳಗೆ ಹುಡುಕೋದು. ಆಧಾರ ಲೂಸೀನ್. ಡಗ್ ಕಟಿಂಗ್ ಅನ್ನೋವನು 1990ರ ದಶಕದ ಕೊನೆಯಲ್ಲಿ ಜಾವಾದಲ್ಲಿ ಬರೆದ ಲೈಬ್ರರಿ. ಹೆಂಡತಿಯ ನಡುಹೆಸರನ್ನೇ ಅದಕ್ಕಿಟ್ಟ. 2001ರಲ್ಲಿ ಅಪಾಚೆ ಫೌಂಡೇಶನ್ನಿಗೆ ಸೇರಿತು. ಯಾರು ಬೇಕಾದರೂ ಬಿಟ್ಟಿ ಬಳಸಬಹುದು, ಬಿಚ್ಚಿ ನೋಡಬಹುದು. ಆಫೀಸಲ್ಲಿ ನೀವು ಎಲಾಸ್ಟಿಕ್‌ಸರ್ಚ್ ಅಥವಾ ಸೋಲರ್ ಬಳಸಿದ್ದರೆ ಒಳಗೆ ಓಡ್ತಾ ಇರೋದು ಇದೇ.

ಇದರ ಗುಟ್ಟು ಊರ ಕಡೆಯವರಿಗೆ ಬೇಗ ತಿಳಿಯುತ್ತೆ. ಪಹಣಿ ತೆಗೆಸಬೇಕಾದರೆ ಸರ್ವೆ ನಂಬರ್ ಹೇಳ್ತೀವಿ, ಮಾಲೀಕ ಯಾರು ಅಂತ ಸಿಗುತ್ತೆ. ಒಬ್ಬ ಮನುಷ್ಯನ ಹೆಸರಲ್ಲಿ ಊರಲ್ಲಿ ಎಲ್ಲೆಲ್ಲಿ ಹೊಲ ಇದೆ ಅಂತ ಬೇಕಾದರೆ ಪಹಣಿ ಒಂದೊಂದೇ ತಿರುವಿ ಹಾಕೋಕಾಗಲ್ಲ, ಹೆಸರಿನಿಂದ ನಂಬರಿಗೆ ಹೋಗೋ ಬೇರೆ ಪಟ್ಟಿ ಬೇಕು. ಲೂಸೀನ್ ಮಾಡೋದು ಈ ತಿರುವುಮುರುವು ಪಟ್ಟಿ: ಯಾವ ಪದ, ಯಾವ ಯಾವ ಬರಹದಲ್ಲಿ, ಎಷ್ಟನೇ ಜಾಗದಲ್ಲಿ.

ಕಂಪ್ಯೂಟರ್ ಬರೋಕೆ ಮುಂಚೆಯೂ ಇದನ್ನ ಮಾಡುತ್ತಿದ್ದರು, ಕೈಯಲ್ಲಿ. 13ನೇ ಶತಮಾನದ ಪ್ಯಾರಿಸಿನಲ್ಲಿ ಹ್ಯೂ ಅನ್ನೋ ಪಾದ್ರಿ ಮಠದ ಸನ್ಯಾಸಿಗಳನ್ನೆಲ್ಲ ಕೂಡಿಸಿ ಬೈಬಲಿನ ಪದಪಟ್ಟಿ ಮಾಡಿಸಿದ. ನಮ್ಮಲ್ಲಿ ಕನ್ನಡ ಸಾಹಿತ್ಯ ಪರಿಷತ್ತಿನ ನಿಘಂಟಿನ ಕೆಲಸ 1940ರ ದಶಕದಲ್ಲಿ ಶುರುವಾಯಿತು. ಶಾಸನ, ಕಾವ್ಯ ಓದಿ, ಪದ ಸಿಕ್ಕಾಗ ಒಂದೊಂದು ಕಾರ್ಡಿನಲ್ಲಿ ಅದನ್ನೂ ಅದು ಸಿಕ್ಕ ಜಾಗವನ್ನೂ ಬರೆದು, ಅಕಾರಾದಿಯಾಗಿ ಜೋಡಿಸಿಟ್ಟರು. ಎಂಟು ಸಂಪುಟ ಮುಗಿಯುವ ಹೊತ್ತಿಗೆ 1995. ಜಿ. ವೆಂಕಟಸುಬ್ಬಯ್ಯನವರಂಥವರು ಆಯುಸ್ಸಿನ ದೊಡ್ಡ ಭಾಗ ಕೊಟ್ಟು ಕಟ್ಟಿದ ಈ ಪಟ್ಟಿಯಂಥದ್ದನ್ನ ನನ್ನ ಲ್ಯಾಪ್‌ಟಾಪ್ ಚಹಾ ಆರುವುದರೊಳಗೆ ಮಾಡುತ್ತೆ. ಆದರೆ ಅವರು ಪದದ ಅರ್ಥ ತಿಳಿದು ಜೋಡಿಸಿದರು, ಇದು ಆಕಾರ ನೋಡಿ ಜೋಡಿಸುತ್ತೆ.

ಪಟ್ಟಿಗೆ ಏನು ಸೇರಿತು, ಏನು ಸೇರಲಿಲ್ಲ ಅನ್ನೋದರ ಹಿಂದೆ ರಾಜಕೀಯವೂ ಇದೆ. ಬಿ.ಎಲ್. ರೈಸ್ 1886ರಿಂದ ಎಪಿಗ್ರಾಫಿಯಾ ಕರ್ನಾಟಿಕಾ ಸಂಪುಟಗಳಲ್ಲಿ ಸುಮಾರು 9,000 ಶಾಸನ ಅಚ್ಚು ಹಾಕಿಸಿದರು. ಅದೆಲ್ಲ ಮೈಸೂರು ಸಂಸ್ಥಾನ ಮತ್ತು ಕೊಡಗಿನದು. ಮುಂಬೈ ಪ್ರಾಂತ್ಯದ ಕನ್ನಡ ಜಿಲ್ಲೆಗಳಿಗೆ ಫ್ಲೀಟ್ ಇದ್ದರು. ನಾವಿದ್ದದ್ದು ನಿಜಾಮರ ಹೈದರಾಬಾದಿನಲ್ಲಿ, ಕೊಪ್ಪಳ ಸಾಲಾರ್ ಜಂಗ್ ಮನೆತನದ ಜಹಗೀರು. ಗವಿಮಠದ ಬಂಡೆ, ಪಾಲ್ಕಿಗುಂಡು, ಇವುಗಳ ಮೇಲಿನ ಅಶೋಕನ ಶಾಸನ ಬೆಳಕಿಗೆ ಬಂದದ್ದೇ 1931ರಲ್ಲಿ. ಕೊಪ್ಪಳದ ಕನ್ನಡ ಶಾಸನಗಳು ಹೈದರಾಬಾದ್ ಪುರಾತತ್ವ ಮಾಲೆಯಲ್ಲಿ ಪುಸ್ತಕವಾಗಿದ್ದು 1935ರಲ್ಲಿ, ಅದೂ ಇಂಗ್ಲಿಷಿನಲ್ಲಿ, ‘ಕೋಪ್‌ಬಾಲ್’ ಅನ್ನೋ ಹೆಸರಲ್ಲಿ. ಅದಕ್ಕೂ ಮುಂಚೆ ಕೊಪಣದ ಸುದ್ದಿ ಬೇಕಾದವರು ಶ್ರವಣಬೆಳಗೊಳದ ಸಂಪುಟ ತೆಗೀಬೇಕಿತ್ತು. ಅಲ್ಲಿನ 1159ರ ಒಂದು ಶಾಸನದಲ್ಲಿ ಹೊಯ್ಸಳರ ಭಂಡಾರಿ ಹುಳ್ಳ ಕೊಪಣ ತೀರ್ಥಕ್ಕೆ ದಾನ ಕೊಟ್ಟ ಮಾತು ಬರುತ್ತೆ. ನಮ್ಮೂರ ಕಲ್ಲು ನಮ್ಮೂರಲ್ಲೇ ಬಿದ್ದಿತ್ತು, ಹೆಸರು ಮಾತ್ರ ಮೈಸೂರಿನವರ ಇಂಡೆಕ್ಸಿನಲ್ಲಿ!

ಆಡಳಿತದ ಗಡಿ ಬದಲಾದದ್ದೂ ಹುಡುಕಾಟಕ್ಕೆ ಅಡ್ಡ ಬರುತ್ತೆ. ಕೊಪ್ಪಳ ಜಿಲ್ಲೆ ಆಗಿದ್ದು 1997ರಲ್ಲಿ. ಅದಕ್ಕಿಂತ ಹಿಂದಿನ ಪುಸ್ತಕಗಳಲ್ಲಿ ‘ಕೊಪ್ಪಳ ಜಿಲ್ಲೆ’ ಹುಡುಕಿದರೆ ಸೊನ್ನೆ, ಎಲ್ಲ ರಾಯಚೂರು ಅಂತಲೇ ಇರುತ್ತೆ. ಇಟಗಿಯ ಮಹಾದೇವ ದೇವಾಲಯ ಕಟ್ಟಿದ್ದು 1112ರಲ್ಲಿ. ಗುಡಿ ಕದಲಿಲ್ಲ, ಆದರೆ ಹಳೆ ಪುಸ್ತಕದಲ್ಲಿ ಯಲಬುರ್ಗಾ ತಾಲ್ಲೂಕಿನಲ್ಲಿದೆ, ಈಗ ಕುಕನೂರು ತಾಲ್ಲೂಕಿನಲ್ಲಿದೆ. ಅಶೋಕನ ಶಾಸನದ ಪಾಠದಲ್ಲಂತೂ ಊರ ಹೆಸರೇ ಇಲ್ಲ. ಲೂಸೀನಿನಲ್ಲಿ ಒಂದು ಬರಹಕ್ಕೆ ಹಲವು ಫೀಲ್ಡ್ ಇಡಬಹುದು, ಹಾಗಾಗಿ ಪಾಠ ಬೇರೆ, ಸಿಕ್ಕ ಸ್ಥಳ ಬೇರೆ, ಆಗಿನ ತಾಲ್ಲೂಕು ಬೇರೆ, ಈಗಿನದು ಬೇರೆ ಅಂತ ಇಟ್ಟಿದ್ದೇನೆ. ಈ ಫೀಲ್ಡ್ ತುಂಬೋದು ಪೂರಾ ಕೈಕೆಲಸ. ಹಂಪಿಯ ಕನ್ನಡ ವಿಶ್ವವಿದ್ಯಾಲಯ ಜಿಲ್ಲಾವಾರು ಶಾಸನ ಸಂಪುಟ ತಂದಿದ್ದರಿಂದ ಬಚಾವ್, ಇಲ್ಲದಿದ್ದರೆ ಪ್ರತಿ ಕಲ್ಲಿಗೂ ಬೈಕ್ ಹತ್ತಬೇಕಿತ್ತು.

ಇನ್ನು ಕನ್ನಡದ್ದೇ ತಕರಾರುಗಳು. ‘ಕೊ’ ಅನ್ನೋ ಅಕ್ಷರವನ್ನ ಯೂನಿಕೋಡಿನಲ್ಲಿ ಎರಡು ರೀತಿ ಬರೀಬಹುದು: ಒತ್ವಕ್ಕೆ ಒಂದೇ ಸಂಕೇತ, ಇಲ್ಲವೇ ಎತ್ವ ಮತ್ತು ದೀರ್ಘ ಕೊಂಬು ಎರಡನ್ನೂ ಕೂಡಿಸಿ. ಪರದೆ ಮೇಲೆ ಎರಡೂ ಒಂದೇ ಥರ ಕಾಣುತ್ತೆ, ಹುಡುಕಿದರೆ ಒಂದಕ್ಕೊಂದು ಸಿಗಲ್ಲ. ಅಂದರೆ ಕೊಪ್ಪಳ ಮೊದಲನೇ ಅಕ್ಷರಕ್ಕೇ ಎಡವುತ್ತೆ. ಇಂಡೆಕ್ಸ್ ಮಾಡೋಕೆ ಮುಂಚೆ ಎಲ್ಲವನ್ನೂ ಒಂದೇ ರೂಪಕ್ಕೆ ತರಬೇಕು. ಹಳೆ ನುಡಿ, ಬರಹ ಫಾಂಟಿನ ಫೈಲುಗಳಾದರೆ ಮೊದಲು ಯೂನಿಕೋಡಿಗೆ ತಿರುಗಿಸಬೇಕು. ಶಾಸನದ ಱ, ೞ ಅಕ್ಷರಗಳಿಗೆ ರ, ಳ ಜೋಡಿ ಮಾಡಬೇಕು, ಯಾಕಂದರೆ ಫೋನಲ್ಲಿ ಯಾರೂ ಶಕಟರೇಫ ಒತ್ತೋದಿಲ್ಲ. 2011ರ 3.1 ಆವೃತ್ತಿಗಿಂತ ಹಿಂದೆ ಲೂಸೀನಿನ ಸ್ಟ್ಯಾಂಡರ್ಡ್ ಟೋಕನೈಸರ್ ಭಾರತದ ಲಿಪಿಗಳ ಸ್ವರಚಿಹ್ನೆ ಬಂದಲ್ಲೆಲ್ಲ ಪದವನ್ನೇ ಮುರಿದು ಹಾಕುತ್ತಿತ್ತು. ಈಗ ಆ ಕಾಟವಿಲ್ಲ.

ಕೊಪ್ಪಳದ, ಕೊಪ್ಪಳಕ್ಕೆ, ಕೊಪ್ಪಳದಿಂದ, ನಮ್ಮ ಮಂದಿ ಮಾತಲ್ಲಿ ಕೊಪ್ಪಳದಾಗ. ಇವೆಲ್ಲ ಒಂದೇ ಊರು ಅಂತ ತಿಳಿಸೋಕೆ ಬಾಲ ಕತ್ತರಿಸೋ ನಿಯಮ ಬರೀಬೇಕು. ಹಿಂದಿಗೆ, ಬಂಗಾಳಿಗೆ ಲೂಸೀನ್ ಜೊತೆಗೇ ಆ ವ್ಯವಸ್ಥೆ ಬರುತ್ತೆ, 9ನೇ ಆವೃತ್ತಿಯಿಂದ ತೆಲುಗಿಗೂ ಬಂತು. ಕನ್ನಡಕ್ಕೆ ನಾವೇ ಕೂರಬೇಕು, ಕೂತರೆ ತಮಾಷೆಯೂ ಇದೆ. ‘ಗೆ’ ಬಂದರೆ ಚತುರ್ಥಿ ವಿಭಕ್ತಿ, ಕತ್ತರಿಸು ಅಂದರೆ ‘ಕುಷ್ಟಗಿಗೆ’ ಚೆನ್ನಾಗಿ ‘ಕುಷ್ಟಗಿ’ ಆಗುತ್ತೆ. ಆದರೆ ಸಿಂದ ಅರಸರ ರಾಜಧಾನಿ ಎರಂಬರಗೆ, ಅಂದರೆ ಈಗಿನ ಯಲಬುರ್ಗಾ, ‘ಎರಂಬರ’ ಆಗಿಬಿಡುತ್ತೆ. ಒಂದು ರಾಜಧಾನಿಯ ಬಾಲ ಹೋಯಿತು! ಅದಕ್ಕೆ ಕತ್ತರಿ ಮುಟ್ಟಬಾರದ ಊರುಗಳ ಪಟ್ಟಿ ಬೇರೆ ಇಟ್ಟುಕೊಳ್ಳಬೇಕು. ಸಂಚಯ ತಂಡದವರು 20,000ಕ್ಕೂ ಹೆಚ್ಚು ವಚನಗಳನ್ನ ಪದ ಹಿಡಿದು ಹುಡುಕೋ ಹಾಗೆ ಮಾಡಿದ್ದಾರಲ್ಲ, ಅದನ್ನ ಬಳಸುವಾಗ ಇದೆಲ್ಲ ತಲೆಗೆ ಬರಲ್ಲ. ಕಟ್ಟೋಕೆ ಕೂತಾಗ ಗೊತ್ತಾಗುತ್ತೆ.

ಕೊನೆಗೆ ಉಳಿಯೋದು ಸಮಾನಪದಗಳ ಫೈಲು. ಒಂದು ಸಾಲಿನಲ್ಲಿ ಕೊಪ್ಪಳ, ಕೊಪಣ, ಕೋಪ್‌ಬಾಲ್ ಬರೆದರೆ ಯಾವುದು ಹುಡುಕಿದರೂ ಮೂರೂ ಬರುತ್ತೆ. ಯಲಬುರ್ಗಾ, ಯಲಬುರಗಾ, ಎರಂಬರಗೆ ಇನ್ನೊಂದು ಸಾಲು. ಕುಷ್ಟಗಿ, ಕುಷ್ಠಗಿ ಮತ್ತೊಂದು. ಇವೆಲ್ಲ ಸಲೀಸು.

ಸಿಕ್ಕಿಕೊಂಡಿರೋದು ಸುವರ್ಣಗಿರಿಯಲ್ಲಿ. ಬ್ರಹ್ಮಗಿರಿಯ ಅಶೋಕನ ಶಾಸನದಲ್ಲಿ ಆಜ್ಞೆ ಹೊರಟಿದ್ದು ಸುವರ್ಣಗಿರಿಯಿಂದ ಅಂತಿದೆ. ಅದು ನಮ್ಮ ಕನಕಗಿರಿಯೇ ಅಂತ ಕೆಲವು ವಿದ್ವಾಂಸರು, ಅರ್ಥ ನೋಡಿದರೆ ಹೌದು ಅನಿಸುತ್ತೆ, ಎರಡೂ ಬಂಗಾರದ ಬೆಟ್ಟವೇ. ಒಪ್ಪದವರೂ ಇದ್ದಾರೆ, ಅವರ ಬೆರಳು ಬೇರೆ ಊರುಗಳ ಕಡೆ ಹೋಗುತ್ತೆ. ಪುಸ್ತಕದಲ್ಲಾದರೆ ‘ಇರಬಹುದು’ ಅಂತ ಬರೆದು ಮುಂದೆ ಹೋಗಬಹುದು. ಈ ಫೈಲಿನಲ್ಲಿ ‘ಇರಬಹುದು’ ಬರೆಯೋಕೆ ಜಾಗವಿಲ್ಲ. ಒಂದೇ ಅಂದರೆ ಒಂದೇ, ಬೇರೆ ಅಂದರೆ ಬೇರೆ. ಒಂದೇ ಅಂತ ಬರೆದರೆ ನಾಳೆ ಗಂಗಾವತಿಯ ಯಾವುದೋ ಕಾಲೇಜು ಹುಡುಗಿ ಕನಕಗಿರಿ ಅಂತ ಹುಡುಕಿ, ಅಶೋಕನ ಶಾಸನ ಬಂತಲ್ಲ ಅಂತ ಪ್ರಾಜೆಕ್ಟಿನಲ್ಲಿ ಬರೀತಾಳೆ, ಮುಂದೆ ಅದೇ ಇತಿಹಾಸ ಆಗುತ್ತೆ. ಬರೆಯದಿದ್ದರೆ ಹಾಗೊಂದು ಚರ್ಚೆ ಇದೆ ಅನ್ನೋದೇ ಅವಳಿಗೆ ತಿಳಿಯಲ್ಲ.

ಸದ್ಯಕ್ಕೆ ಆ ಸಾಲು ಬರೆದು, ಲೂಸೀನ್ ಓದಬಾರದು ಅಂತ ಮುಂದೆ ಹ್ಯಾಶ್ ಚಿಹ್ನೆ ಹಾಕಿದ್ದೇನೆ. ಕನಕಗಿರಿಯ ಫಲಿತಾಂಶದ ಕೆಳಗೆ ‘ಇದನ್ನೂ ನೋಡಿ’ ಅಂತ ತೋರಿಸೋ ಬೇರೆ ಫೀಲ್ಡ್ ಒಂದನ್ನ ಈ ವಾರ ಸೇರಿಸಬೇಕು.